ಎಲ್ಲರೂ ಎದ್ದರು, ಗಂಗು ಏಳಲಿಲ್ಲ

ಮೊಮ್ಮಗಳು ಉಣ್ಣಲು ಕೂತರೆ ಕಾಶವ್ವ ತಾನು ಉಣ್ಣುವುದನ್ನೇ ಮರೆಯುತ್ತಿದ್ದಳು. ಗಂಗುವಿನ ತಾಟಿಗೆ ಏನು ಬಿತ್ತು, ಎಷ್ಟು ಬಿತ್ತು, ಬಡಿಸುವ ಸೊಸೆಯ ಕೈ ಎಲ್ಲಿ ತಡೆಯಿತು, ಎಲ್ಲವನ್ನೂ ಅವಳ ಕಣ್ಣು ಹಿಂಬಾಲಿಸುತ್ತಿತ್ತು. ಎಂಟು ವರ್ಷದ ಆ ಹುಡುಗಿ ದುಡಿದು ಬಂದ ಗಂಡಸಿನ ಹಾಗೆ ಉಣ್ಣುತ್ತಿದ್ದಳು. ಜೋಳದ ರೊಟ್ಟಿ, ಝುಣಕ, ಅದರ ಮೇಲೆ ಅನ್ನ ಸಾರು. ಅಷ್ಟಾದರೂ ಬೆರಳು ನೆಕ್ಕುತ್ತ, "ಯವ್ವಾ, ಇನ್ನೊಂದ ತುಣಕ ರೊಟ್ಟಿ" ಅನ್ನುತ್ತಿದ್ದಳು. ತೋಳು ನೋಡಿದರೆ ಲಟ್ಟಣಿಗೆಗಿಂತ ಸಣ್ಣ. ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ದಿನವೆಲ್ಲ ಸಂಡಾಸಕ್ಕೆ ಓಡುತ್ತಿದ್ದಳು; ಅವಳು ಹೋಗಿ ಬಂದ ಮೇಲೆ ಆ ಕಡೆ ಯಾರೂ ಸುಳಿಯುವಂತಿರಲಿಲ್ಲ. ವರ್ಷವಿಡೀ ಕೆಮ್ಮು ಬೇರೆ.

"ಉಂಡದ್ದೆಲ್ಲಾ ಎಲ್ಲಿ ಹೊಕ್ಕೈತಿ, ಬಸಲಿಂಗೀ?"

"ನಾ ಏನ ಹಾಕಿದ್ನಿ ಅಂತ ನೀವ ನೋಡಾಕತ್ತೀರಲ್ಲರೀ, ಅತ್ತಿ."

"ನಾ ನೋಡಿದಾಗ ಹಾಕ್ತಿ. ನೋಡದಿದ್ದಾಗ?"

ಬಸಲಿಂಗವ್ವ ಇದ್ದಿಲಿನ ಸಿಗಡಿಯ ಮೇಲಿನ ಹಂಚಿಗೆ ಇನ್ನೊಂದು ರೊಟ್ಟಿ ಹಾಕಿ, ಅದು ಉಬ್ಬುವುದನ್ನೇ ನೋಡುತ್ತಿದ್ದಳು.

ಕುರ್ಲಾದ ಚಾಳಿನ ಎರಡನೆಯ ಮಾಳಿಗೆಯಲ್ಲಿ ಒಂದೇ ಖೋಲಿ. ಮಧ್ಯದಲ್ಲಿ ಹಳೆಯ ಸೀರೆಯ ಪರದೆ, ಮೂಲೆಯಲ್ಲಿ ಮೋರಿ, ಹೊರಗೆ ಎಲ್ಲರದೂ ಆದ ಗ್ಯಾಲರಿ. ಕಾಶವ್ವನ ದೊಡ್ಡ ಮಗ, ಬಸಲಿಂಗವ್ವನ ಗಂಡ ಈರಣ್ಣ ಬಟ್ಟೆ ಮಾರ್ಕೆಟ್ಟಿನ ಅಂಗಡಿಯೊಂದರಲ್ಲಿ ಗುಮಾಸ್ತ. ಬಿಜಾಪುರದ ಕಡೆಯಿಂದ ಮೊದಲು ಬಂದವನು ಅವನೇ. ಆಮೇಲೆ ತಮ್ಮ ಸಂಗಪ್ಪನನ್ನು ಕರೆಸಿ ಜೋಗೇಶ್ವರಿಯ ಲೇಥ್ ಕಾರಖಾನೆಗೆ ಹಚ್ಚಿದ. ಗಂಡ ತೀರಿಕೊಂಡ ಮೇಲೆ ಕಾಶವ್ವನೂ ಊರ ಮನೆಗೆ ಕೀಲಿ ಹಾಕಿ ಬಂದಳು. ಬಂದ ದಿನದಿಂದಲೇ ಈ ಮನೆಯಲ್ಲಿ ತನ್ನಿಂದ ಏನನ್ನೋ ಬಚ್ಚಿಡುತ್ತಿದ್ದಾರೆ ಎಂಬ ಗುಮಾನಿ ಅವಳನ್ನು ಹಿಡಿದಿತ್ತು.

ಗುಮಾನಿಗೆ ಆಧಾರವೂ ಇತ್ತು. ಬಸಲಿಂಗವ್ವನ ಅಕ್ಕ ಹರೆಯದಲ್ಲೇ ಕೆಮ್ಮಿ ಕೆಮ್ಮಿ ಸತ್ತಿದ್ದಳು. ಮದುವೆಯ ಮಾತುಕತೆಯಲ್ಲಿ ಬೀಗರು ಆ ಸುದ್ದಿ ಎತ್ತಿರಲಿಲ್ಲ. ಕಾಶವ್ವನ ಕಿವಿಗೆ ಅದು ಬಿದ್ದದ್ದು ಅಕ್ಷತೆ ಬಿದ್ದ ಎಷ್ಟೋ ದಿನಗಳ ಮೇಲೆ. ಬಸಲಿಂಗವ್ವನ ಚೊಚ್ಚಲ ಕೂಸು ಹೊಟ್ಟೆ ಉಬ್ಬಿ, ಹೆಸರಿಡುವ ಮೊದಲೇ ಹೋಯಿತು. ಎರಡನೆಯದು ಗಂಗು. ಕ್ಷಯದ ಮನೆತನದಿಂದ ಹೆಣ್ಣು ತಂದೆವು ಎಂದು ಕಾಶವ್ವ ಅಂದೇ ತೀರ್ಮಾನಿಸಿದ್ದಳು. ಬಾಯಿಬಿಟ್ಟು ಹೇಳಲು ಒಂದು ನೆಪ ಬೇಕಿತ್ತು, ಅಷ್ಟೇ.

ಐವತ್ತೇಳನೆಯ ಇಸವಿಯ ಬೇಸಿಗೆ ಮುಗಿಯುವ ಹೊತ್ತಿಗೆ ಮುಂಬಯಿಗೆ ಹೊಸ ಜ್ವರ ಬಂತು. ಹಡಗಿನಲ್ಲಿ ಬಂತೆಂದು ಕೆಲವರು, ಗಾಳಿಯಲ್ಲಿ ಬಂತೆಂದು ಕೆಲವರು. ಇವರ ಮನೆಗೆ ಅದನ್ನು ತಂದವನು ಸಂಗಪ್ಪ. ಸಂಜೆ ಕಾರಖಾನೆಯಿಂದ ಬಂದವನೇ ಚಪ್ಪಲಿ ಕೂಡ ಬಿಡದೆ ಗೋಡೆಗೆ ಒರಗಿ ಕೂತು ಅತ್ತಿಗೆಯನ್ನು ಕೂಗಿದ.

"ವೈನಿ, ಚಹಾ ಕೊಡ್ರಿ. ಮೈಯೆಲ್ಲಾ ಬಡದ ಹಾಕಿದಂಗ ಆಗೈತಿ."

"ಎಲ್ಲಿಂದ ತಂದ್ಯೋ ಇದನ್ನ?" ಎಂದಳು ಕಾಶವ್ವ.

"ಲೋಕಲ್‌ನ್ಯಾಗ ಒಬ್ಬರ ಮೈಮ್ಯಾಲ ಒಬ್ಬರ ನಿಂತಿರ್ತೇವಿ. ಯಾಂವ ಕೆಮ್ಮಿದನೋ ಯಾರಿಗ್ಗೊತ್ತವ್ವಾ."

ಸಂಗಪ್ಪನ ಬೆನ್ನಿಗೇ ಈರಣ್ಣ ಮಲಗಿದ. ಆಮೇಲೆ ಕಾಶವ್ವ, ಬಸಲಿಂಗವ್ವ, ಗಂಗು. ಚಾಳಿನ ತುಂಬ ಅದೇ ಗೋಳು. ಪಕ್ಕದ ಖೋಲಿಯ ಸೇವಂತಿ ಮಂಗಳೂರು ಕಡೆಯವಳು. ಅವಳ ಗಂಡ ಕಾಂತಪ್ಪ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಅಡುಗೆಯವನು. ಅವರ ಮನೆಯವರು ಮೊದಲೇ ಮಲಗಿ ಎದ್ದಿದ್ದರಿಂದ ಸೇವಂತಿಯೇ ಇವರಿಗೆ ಗಂಜಿ ಕಾಸಿ ತಂದುಕೊಟ್ಟಳು. ಒಂದು ವಾರ ತುಂಬುವುದರೊಳಗೆ ಸಂಗಪ್ಪ ಕಾರಖಾನೆಗೆ ಹೋದ, ಈರಣ್ಣ ಅಂಗಡಿಗೆ ಹೋದ, ಕಾಶವ್ವ ನಳದ ಮುಂದೆ ಕೊಡ ಇಟ್ಟು ಜಗಳಕ್ಕೆ ನಿಂತಳು.

ಗಂಗು ಮಾತ್ರ ಏಳಲಿಲ್ಲ. ಜ್ವರ ಅವಳಿಗೂ ಇಳಿದಿತ್ತು, ಆದರೆ ಕೆಮ್ಮು ಎದೆಯ ಆಳಕ್ಕೆ ಇಳಿದು ಕೂತಿತ್ತು. ಉಸಿರು ಎಳೆದಾಗ ಪಕ್ಕೆಲುಬಿನ ಸಂದು ಒಳಗೆ ಹೋಗುತ್ತಿತ್ತು. ಕಫ ಹಸಿರು, ಅಂಟಿನಂತೆ ಗಟ್ಟಿ. ಉಗುಳಿದರೆ ತುಟಿಯಿಂದ ಬಿಡಿಸಿ ತೆಗೆಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕಾಶವ್ವನನ್ನು ಹೆದರಿಸಿದ್ದು ಬೇರೆ. ಹುಡುಗಿ ರೊಟ್ಟಿ ಕೇಳುವುದನ್ನು ಬಿಟ್ಟಿದ್ದಳು.

ಮಳೆ ಹಿಡಿದ ಒಂದು ಮುಂಜಾನೆ ಸೇವಂತಿ ಗ್ಯಾಲರಿಯಲ್ಲಿ ಕಾಶವ್ವನನ್ನು ತಡೆದಳು.

"ಕಾಶವ್ವ, ನಮಗೆಲ್ಲ ಬಂದು ಹೋದ ಜ್ವರ ಇದೊಂದು ಮಗುವಿಗೆ ಮಾತ್ರ ಯಾಕೆ ಕೂತಿದೆ ಹೇಳಿ? ಇದು ಆ ಜ್ವರ ಅಲ್ಲ ಮಾರಾಯ್ರೆ. ಚಾಳಿನವರು ಮಾತಾಡ್ತಾ ಇದ್ದಾರೆ. ಟೀಬಿ ಆದ್ರೆ ಖೋಲಿ ಬಿಡಿಸ್ತಾರೆ."

"ಯಾರ ಅಂದವ್ರು?"

"ಯಾರು ಅನ್ನುವುದು ಮುಖ್ಯವಾ? ನನ್ನ ಮಕ್ಕಳನ್ನು ನಿಮ್ಮ ಬಾಗಿಲಿಗೆ ಕಳಿಸುವುದಿಲ್ಲ, ತಪ್ಪು ತಿಳೀಬೇಡಿ."

ಕಾಶವ್ವನಿಗೆ ಬೇಕಿದ್ದ ನೆಪ ಸಿಕ್ಕಿತು. ಸಂಜೆ ಈರಣ್ಣ ಊಟಕ್ಕೆ ಕೂತ ಹೊತ್ತಿಗೆ ಅವಳು ಶುರುಮಾಡಿದಳು.

"ನಿನ್ನ ಹೇಣ್ತಿನ್ನ ಕೇಳು, ಆಕಿ ಅಕ್ಕ ಯಾವ ರೋಗದಾಗ ಸತ್ತಳು ಅಂತ."

"ಈಗ್ಯಾಕ ಅದರ ಮಾತು?" ಈರಣ್ಣ ತುತ್ತು ಕೈಯಲ್ಲೇ ಹಿಡಿದ.

"ಈಗಲ್ಲದ ಯಾವಾಗ? ಎಲ್ಲಾರಿಗೂ ಒಂದ ಜ್ವರ ಬಂತು. ಎಲ್ಲಾರೂ ಎದ್ವಿ. ಇದ್ಯಾಕ ಏಳವಲ್ದು? ಒಳಗ ಮೊದಲ ಇದ್ದದ್ದು ಹೊರಗ ಬಂದೈತಿ. ನಮ್ಮ ವಂಶದಾಗ ಇಂಥಾದ್ದು ಯಾರಿಗೂ ಇರಲಿಲ್ಲ."

ಬಸಲಿಂಗವ್ವ ಸಾರಿನ ಪಾತ್ರೆಯನ್ನು ಕೆಳಗೆ ಇಟ್ಟಳು. "ನನ್ನ ಮ್ಯಾಲ ಸಿಟ್ಟಿದ್ರ ನನ್ನ ಬೈರಿ. ಸತ್ತಾಕಿನ್ನ ಯಾಕ ಎಳೀತೀರಿ?"

"ಮುಚ್ಚಿಟ್ಟವರ್ಯಾರು? ನಾನೇನು?"

ಈರಣ್ಣ ಎದ್ದು ಕೈ ತೊಳೆದ. ಹೆಂಡತಿಯ ಕಡೆ ನೋಡಲಿಲ್ಲ, ತಾಯಿಯ ಕಡೆಯೂ ನೋಡಲಿಲ್ಲ. ಅವನಿಗೂ ಸಂಶಯ ಬಂದಿದೆ ಎಂದು ಕಾಶವ್ವನಿಗೆ ಅಷ್ಟರಲ್ಲೇ ತಿಳಿಯಿತು.

ಅಲ್ಲಿಂದ ಮುಂದೆ ಕಾಶವ್ವ ಸೊಸೆಯನ್ನು ಕಾಯತೊಡಗಿದಳು. ಬಸಲಿಂಗವ್ವ ರೇಶನ್ ಅಂಗಡಿಗೆ ಅಂತ ಹೇಳಿ ಗಂಗುವನ್ನು ಬಗಲಿಗೆ ಎತ್ತಿಕೊಂಡು ಹೋಗುವಳು. ಮಧ್ಯಾಹ್ನ ದಾಟಿದ ಮೇಲೆ ಖಾಲಿ ಚೀಲ ಹಿಡಿದು ಬರುವಳು. ಕೇಳಿದರೆ, "ಪಾಳಿ ಭಾಳ ಇತ್ರೀ." ಹಿಂಗಿನ ಡಬ್ಬಿಯ ಹಿಂದೆ ಒಂದು ಹೊಸ ಬಾಟಲಿ ಬಂದಿತ್ತು. ಸೊಸೆ ನೀರಿಗೆ ಹೋದಾಗ ಕಾಶವ್ವ ಬಿರಡೆ ತೆಗೆದು ಮೂಸಿದಳು. ಒಳಗೆ ಮಾಸಲು ಬಿಳಿಯ ಪುಡಿ. ವಾಸನೆ ಬಡಿದ ಕೂಡಲೇ ಸೆರಗು ಮೂಗಿಗೆ ಬಂತು. ಮಾಂಸದ ನಾತ. ಲಿಂಗ ಕಟ್ಟಿಕೊಂಡವರ ಅಡುಗೆಯ ಜಾಗದಲ್ಲಿ!

ಅಂದು ರಾತ್ರಿಯ ಊಟದಲ್ಲಿ ಅವಳು ಕಣ್ಣು ಪಿಳುಕಿಸದೆ ಕೂತಳು. ಬಸಲಿಂಗವ್ವ ಮೈ ಅಡ್ಡ ಹಿಡಿದು, ಗಂಗುವಿನ ಮೊಸರನ್ನಕ್ಕೆ ಚಿಟಿಕೆ ಪುಡಿ ಹಾಕಿ ಕಲಸಿದ್ದು ಕಂಡಿತು. ಕೂಗಬೇಕು ಅನ್ನಿಸಿತು, ಕೂಗಲಿಲ್ಲ. ಕಳ್ಳಿ ಪೂರಾ ಸಿಕ್ಕಿಬೀಳಲಿ ಎಂದು ಸುಮ್ಮನಾದಳು.

ಸಿಕ್ಕಿಬಿದ್ದದ್ದು ಒಂದು ಮಧ್ಯಾಹ್ನ. ಕಾಶವ್ವ ಗೋಧಿ ಬೀಸಿಸಲು ಗಿರಣಿಗೆ ಹೋಗಿದ್ದಳು. ಗಿರಣಿಗೆ ಕರೆಂಟು ಇಲ್ಲದೆ ಬೇಗ ತಿರುಗಿ ಬಂದಳು. ಖೋಲಿಯ ಬಾಗಿಲು ಮುಂದೆ ಹಾಕಿತ್ತು. ಒಳಗಿನಿಂದ ಧಪ್ ಧಪ್ ಧಪ್ ಎಂದು ಸದ್ದು, ಅದರೊಳಗೆ ಗಂಗುವಿನ ಕೆಮ್ಮು. ಬಾಗಿಲು ತಳ್ಳಿದರೆ, ಬಸಲಿಂಗವ್ವ ಮಂಚದ ಮೇಲೆ ಕೂತಿದ್ದಾಳೆ. ಹುಡುಗಿ ಅವಳ ತೊಡೆಯ ಮೇಲೆ ಬೋರಲು ಬಿದ್ದಿದ್ದಾಳೆ, ತಲೆ ನೆಲದ ಕಡೆ ಜೋತಿದೆ. ತಾಯಿ ಎರಡೂ ಕೈಯಿಂದ ಆ ಮೂಳೆಯ ಬೆನ್ನನ್ನು ಬಡಿಯುತ್ತಿದ್ದಾಳೆ.

"ಕೊಂದ್ಳೋ! ಕೂಸಿನ್ನ ಕೊಂದ್ಳೋ!"

ಗ್ಯಾಲರಿ ತುಂಬ ಜನ ಸೇರಿತು. ಸೇವಂತಿ ಓಡಿ ಬಂದು ಹೊಸ್ತಿಲಲ್ಲೇ ನಿಂತಳು. ಕಾಶವ್ವ ಹಿಂಗಿನ ಡಬ್ಬಿಯ ಹಿಂದಿನ ಬಾಟಲಿ ಎಳೆದು ಎಲ್ಲರ ಮುಂದೆ ಹಿಡಿದಳು.

"ಮದ್ದು ಹಾಕಾಕತ್ತಾಳ! ಹೊಡೀತಾಳ! ನಾ ಇಷ್ಟ ದಿನಾ ಅನ್ನೂದು ಸುಳ್ಳೇನು?"

"ಆಯಿ, ಅವ್ವ ಹೊಡಿಯಾಕತ್ತಿಲ್ಲ," ಎಂದಳು ಗಂಗು ಏದುಸಿರಿನಲ್ಲಿ. ಯಾರೂ ಕೇಳಿಸಿಕೊಳ್ಳಲಿಲ್ಲ.

ಬಸಲಿಂಗವ್ವ ಮಗಳ ಬಾಯಿ ಒರೆಸಿ, ಕಫದ ಬಟ್ಟಲಿಗೆ ಬಟ್ಟೆ ಮುಚ್ಚಿ, ಎದ್ದು ಬಂದು ಬಾಗಿಲು ಹಾಕಿದಳು. ಆಮೇಲೆ ಅತ್ತೆಯ ಕೈಯಿಂದ ಬಾಟಲಿ ಕಿತ್ತುಕೊಂಡಳು. ಹಾಗೆ ಅವಳು ಎಂದೂ ಮಾಡಿದವಳಲ್ಲ.

"ದೊಡ್ಡ ದವಾಖಾನ್ಯಾಗ ಡಾಕ್ಟರಬಾಯಿ ಕೊಟ್ಟಾಳ್ರೀ. ಬೆನ್ನ ತಟ್ಟಂತ ಆಕೀನ ಕಲಿಸ್ಯಾಳ. ಕಫ ಸಡ್ಲಾಗಿ ಬರ್ತೈತಿ."

"ದವಾಖಾನಿಗೆ ಕದ್ದ ಯಾಕ ಹೊಕ್ಕಿ?"

"ಹೇಳಿದ್ರ ಟೀಬಿ ದವಾಖಾನಿ ಅಂತ ನೀವ ಚಾಳೆಲ್ಲಾ ಡಂಗುರಾ ಸಾರತಿದ್ರಿ. ಮತ್ತ ಈ ಪುಡಿ ದನದ್ದೋ ಹಂದೀದೋ ಕರುಳಿಂದ ಮಾಡ್ತಾರಂತ. ಮನ್ಯಾಗ ಇಡಾಕ ಬಿಡ್ತಿದ್ರೇನು?"

ಸಂಜೆ ಈರಣ್ಣನಿಗೆ ಇದೆಲ್ಲ ತಿಳಿದಾಗ ಅವನು ಹೆಂಡತಿಯನ್ನು ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದ. "ಖರೇ ಹೇಳಾಕತ್ತೀಯೋ ಸುಳ್ಳ ಹೇಳಾಕತ್ತೀಯೋ, ನನಗ ತಿಳೀವಲ್ದು," ಎಂದು ಹೇಳಿ ಹೊರಗೆ ಹೋಗಿ ನಿಂತ.

ಸಂಗಪ್ಪ ಮಾತ್ರ, "ಯವ್ವಾ, ಇಷ್ಟ ಗುಮಾನಿ ಇದ್ರ ನೀನ ಹೋಗಿ ಆ ಡಾಕ್ಟರನ್ನ ಕೇಳಲ್ಲ," ಎಂದ.

"ಕೇಳತೀನಿ. ಹೆದರ್ತೀನೇನು? ನಾಳೆನ ಹೋಗ್ತೀನಿ," ಎಂದಳು ಕಾಶವ್ವ. ಸೊಸೆಯ ಸುಳ್ಳು ಡಾಕ್ಟರರ ಎದುರಿಗೇ ಹೊರಬೀಳುತ್ತದೆ ಎಂಬ ನಂಬಿಕೆ ಅವಳಿಗೆ ಇತ್ತು.

ಕಾಶವ್ವ ಸೊಸೆ ಮೊಮ್ಮಗಳ ಜೊತೆ ಹೋದಾಗ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಬೆಂಚುಗಳೆಲ್ಲ ತುಂಬಿದ್ದವು. ಡಾಕ್ಟರ್ ವಾರಿಜಾ ಸಣ್ಣ ವಯಸ್ಸಿನವಳು, ಉಡುಪಿ ಕಡೆಯವಳು, ಇಂಗ್ಲೆಂಡಿನಲ್ಲಿ ಓದಿ ಬಂದವಳು. ಕನ್ನಡ ಕೇಳಿ ಕಾಶವ್ವನಿಗೆ ಅರ್ಧ ಸಮಾಧಾನ, ಅರ್ಧ ಸಂಶಯ. ಸೊಸೆ ಈಕೆಯನ್ನು ಮೊದಲೇ ತನ್ನ ಕಡೆ ಮಾಡಿಕೊಂಡಿರಬೇಕು.

"ನೀವು ಅಜ್ಜಿಯಾ? ಒಳ್ಳೇದಾಯ್ತು, ಕೂತುಕೊಳ್ಳಿ."

"ಕೂಡೂದಿರಲಿ. ಇದು ಟೀಬಿ ಹೌದೋ ಅಲ್ಲೋ?"

"ಅಲ್ಲ. ಕಫ ಮತ್ತೆ ಮತ್ತೆ ನೋಡಿದ್ದೇವೆ. ಎಕ್ಸರೇ ನೋಡಿದ್ದೇವೆ. ಟೀಬಿ ಅಲ್ಲ."

"ಹಂಗಾರ ಎಲ್ಲಾರಿಗೂ ಬಂದ ಜ್ವರ ಇದನ್ನ ಯಾಕ ಬಿಡವಲ್ದು?"

ಡಾಕ್ಟರು ಪೆನ್ನು ಕೆಳಗಿಟ್ಟಳು. ಆ ಪ್ರಶ್ನೆಗೇ ಕಾಯುತ್ತಿದ್ದವಳಂತೆ ಕುರ್ಚಿ ಹತ್ತಿರ ಎಳೆದಳು.

"ನೋಡಿ ಅಜ್ಜಿ, ಎಲ್ಲರ ಉಸಿರಿನ ಕೊಳವೆಯ ಒಳಗೂ ತೆಳ್ಳಗೆ ಲೋಳೆ ಇರ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳು ಅದನ್ನು ಮೇಲಕ್ಕೆ ಗುಡಿಸ್ತಾ ಇರ್ತವೆ. ಧೂಳು, ಕ್ರಿಮಿ ಎಲ್ಲ ಅದರ ಜೊತೆ ಹೊರಗೆ ಬರ್ತದೆ. ಈ ಮಗುವಿನ ಲೋಳೆ ಹುಟ್ಟಿನಿಂದಲೇ ಗಟ್ಟಿ, ಗೋಂದಿನ ಹಾಗೆ. ಗುಡಿಸಲಿಕ್ಕೆ ಬರುವುದಿಲ್ಲ. ಈಗ ಈ ಜ್ವರದ ವೈರಸ್ ಬಂತು. ಅದು ಕೊಳವೆಯ ಒಳಗಿನ ಪದರವನ್ನು, ಆ ಕೂದಲುಗಳನ್ನು ಕೆರೆದು ಹಾಕ್ತದೆ. ನಿಮಗೂ ಹಾಗೇ ಮಾಡಿದೆ. ನೀವು ಕೆಮ್ಮಿದಿರಿ, ಕಫ ಹೋಯ್ತು, ಪದರ ಮತ್ತೆ ಬೆಳೀತು. ಇವಳ ಕಫ ಹೋಗಲಿಲ್ಲ. ಕೊಳವೆ ಬಾತು ಇನ್ನೂ ಸಣ್ಣದಾಯ್ತು, ಕಫ ಅಲ್ಲೇ ಸಿಕ್ಕಿಕೊಂಡಿತು, ಅದರೊಳಗೆ ಬೇರೆ ಕ್ರಿಮಿಗಳು ಬಂದು ಕೂತವು. ವೈರಸ್ ತನ್ನ ಪಾಡಿಗೆ ಹೋಯ್ತು. ಅದು ಒಳಗೆ ಬಿಟ್ಟವು ಹೋಗಲಿಲ್ಲ."

"ಉಂಡದ್ದು ಮೈಗೆ ಹತ್ತೂದಿಲ್ಲಲ್ಲ?"

"ಅದೂ ಇದೇ ಕಾಯಿಲೆ. ಹೊಟ್ಟೆಯೊಳಗೆ ಅನ್ನ ಕರಗಿಸುವ ರಸ ಬರುವ ದಾರಿಯೂ ಕಟ್ಟಿದೆ. ಆ ಪುಡಿ ಆ ರಸದ ಬದಲಿಗೆ. ಬೆನ್ನು ತಟ್ಟುವುದು, ಇಂಜೆಕ್ಷನ್, ಪುಡಿ, ಮೂರೂ ಬೇಕು. ಇದು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಅಂತ ಇಲ್ಲಿನ ದೊಡ್ಡ ಡಾಕ್ಟರು ಹೇಳ್ತಾರೆ. ಬೆವರು ಪರೀಕ್ಷೆ ಮಾಡಿಸಿದೆ. ಇವಳ ಬೆವರಿನಲ್ಲಿ ಉಪ್ಪು ತುಂಬ ಹೆಚ್ಚು, ಈ ಕಾಯಿಲೆಯ ಗುರುತೇ ಅದು." ಅವಳು ಬಸಲಿಂಗವ್ವನ ಕಡೆ ತಿರುಗಿದಳು. "ಮುತ್ತು ಕೊಟ್ಟರೆ ಉಪ್ಪು ಅಂದಿದ್ದಿರಿ, ಅಲ್ವಾ?"

"ಹೂನ್ರೀ. ಹುಟ್ಟಿದಾಗಿಂದ."

ಕಾಶವ್ವ ಸೀರೆಯ ಅಂಚು ಹಿಡಿದುಕೊಂಡಳು.

"ಇದು ಒಬ್ಬರಿಂದ ಬರುವ ಕಾಯಿಲೆ ಅಲ್ಲ," ಎಂದು ಡಾಕ್ಟರು ಮುಂದುವರಿಸಿದಳು. "ತಾಯಿಯ ಕಡೆಯಿಂದಲೂ ಬರಬೇಕು, ತಂದೆಯ ಕಡೆಯಿಂದಲೂ ಬರಬೇಕು. ಎರಡೂ ಸೇರಿದರೆ ಮಾತ್ರ. ನಿಮ್ಮ ಮನೆಯಲ್ಲಿ ಹಿಂದೆ ಯಾವುದಾದರೂ ಕೂಸು ಹೀಗೆ ಇತ್ತಾ? ಉಪ್ಪು ಮೈ, ತುಂಬ ತಿನ್ನುವುದು, ಕೆಮ್ಮು?"

ಮೂವತ್ತೊಂಬತ್ತು ವರ್ಷ ಹಿಂದಿನ ಒಂದು ಮುಖ ಕಾಶವ್ವನ ಕಣ್ಣಿಗೆ ಕಟ್ಟಿತು. ದೊಡ್ಡ ಜ್ವರದ ವರ್ಷ. ಊರಿಗೆ ಊರೇ ಮಲಗಿದ್ದ ಆ ಚಳಿಗಾಲ. ಅವಳ ಮೊದಲ ಮಗ, ಇನ್ನೂ ತೊದಲುತ್ತಿದ್ದ ಕಲ್ಲಪ್ಪ. ಅವನ ಹಣೆಗೆ ತುಟಿ ಹಚ್ಚಿದರೆ ಉಪ್ಪು. ಜ್ವರ ಊರು ಬಿಟ್ಟು ಹೋದ ಮೇಲೂ ಅವನ ಕೆಮ್ಮು ಯುಗಾದಿಯ ತನಕ ಹೋಗಲಿಲ್ಲ. ಆಮೇಲೆ ಅವನೇ ಹೋದ. "ತಾಯಿ ಹೊಟ್ಟಿಗೆ ಹಾಕಲಿಲ್ಲ, ಕೂಸು ಒಣಗಿ ಸತ್ತಿತು" ಎಂದು ಅವಳ ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

"ಇಲ್ಲ," ಎಂದಳು ಕಾಶವ್ವ. "ನಮ್ಮ ಮನ್ಯಾಗ ಯಾರಿಗೂ ಇರಲಿಲ್ಲ."

ಬಸಲಿಂಗವ್ವ ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿದಳು.

ಮನೆಯಲ್ಲಿ ಈರಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಟೀಬಿ ಅಲ್ಲ ಎಂದಾಗ ಅವನ ಮುಖ ಅರಳಿತು. ಎರಡೂ ಕಡೆಯಿಂದ ಬರಬೇಕು ಎಂದಾಗ ಮತ್ತೆ ಬಾಡಿತು.

"ನಮ್ಮ ಕಡಿ ಯಾರಿಗೂ ಇಲ್ಲಲ್ಲವ್ವಾ?"

"ಇಲ್ಲಪ್ಪ."

"ಹಂಗಾರ ಆ ಡಾಕ್ಟರಿಗೂ ಪೂರಾ ತಿಳಿದಿಲ್ಲ. ಆಕೀ ಮ್ಯಾಲಿನ ಡಾಕ್ಟರ ಸೈತ ಒಪ್ಪೂದಿಲ್ಲಂತ. ಇಲ್ಲದ್ದೊಂದ ರೋಗ ಐತಿ ಅಂತ ಹೇಳಿ ಕೂಸಿನ ಮ್ಯಾಲ ಪರೀಕ್ಷಾ ಮಾಡಾಕತ್ತಿರಬೇಕು."

ಸಂಶಯ ಈಗ ಮನೆಯಿಂದ ಆಸ್ಪತ್ರೆಯವರೆಗೆ ಚಾಚಿತು. ಚಾಳಿನವರ ಪಿಸುಮಾತು ನಿಲ್ಲಲಿಲ್ಲ. ನಳದ ಹತ್ತಿರ ಬಸಲಿಂಗವ್ವ ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಸರಿಸುತ್ತಿದ್ದರು. ಖೋಲಿಯ ಮಾಲಕನ ಕಡೆಯವನೊಬ್ಬ ಬಂದು ಬಾಗಿಲಲ್ಲಿ ನಿಂತು ಗಂಗುವಿನ ಕೆಮ್ಮು ಕೇಳಿ ಹೋದ. ಅದರ ಮರುದಿನವೇ ಈರಣ್ಣ ಮಾವನಿಗೆ ಕಾಗದ ಬರೆದ. ಮಗಳು ಮೊಮ್ಮಗಳನ್ನು ಊರಿಗೆ ಕರೆದುಕೊಂಡು ಹೋಗಿ, ಒಣ ಹವೆಗೆ ಗುಣವಾದೀತು ಎಂದು.

"ಅಲ್ಲಿ ಇಂಜೆಕ್ಷನ್ ಎಲ್ಲಿ ಸಿಗ್ತಾವು? ಪುಡಿ ಎಲ್ಲಿ ಸಿಗ್ತೈತಿ?" ಎಂದಳು ಬಸಲಿಂಗವ್ವ. "ನನ್ನ ಬ್ಯಾಡಂದ್ರ ಬ್ಯಾಡನ್ರಿ. ಕೂಸಿನ್ನ ಸಾಯಾಕ ಕಳಿಸಬ್ಯಾಡ್ರಿ."

"ನಾ ಸಾಯಾಕ ಕಳಿಸ್ತೀನೇನು? ಇಲ್ಲಿ ಖೋಲಿ ಬಿಡಿಸಿದ್ರ ಫುಟ್‌ಪಾತಿನ್ಯಾಗ ಬದುಕ್ತಾಳೇನು?"

ಕಾಶವ್ವ ಅಕ್ಕಿ ಆರಿಸುತ್ತಿದ್ದಳು. ಕಲ್ಲು ಯಾವುದು, ಕಾಳು ಯಾವುದು ಎಂದು ಅವಳ ಬೆರಳಿಗೆ ತಿಳಿಯಲಿಲ್ಲ.

ಬಸಲಿಂಗವ್ವನ ತಂದೆ ಶೆಟ್ಟೆಪ್ಪ ವಾರ ಕಳೆದು ಬಂದ. ಕಡಿಮೆ ಮಾತಿನ ರೈತ. ದೊಡ್ಡ ರುಮಾಲು, ಬಗಲಲ್ಲಿ ಒಂದು ಗಂಟು. ಬೀಗರ ಮನೆಯಲ್ಲಿ ತಪ್ಪು ಮಾಡಿದವನ ಹಾಗೆ ಗೋಡೆಗೆ ಹತ್ತಿ ಕೂತ. ಮರುದಿನ ಬೆಳಗಿನ ಗಾಡಿಗೆ ಹೋಗುವುದೆಂದು ಠರಾವಾಯಿತು. ಬಸಲಿಂಗವ್ವ ಅಳಲಿಲ್ಲ. ಟ್ರಂಕಿನಲ್ಲಿ ಮಗಳ ಅಂಗಿಗಳನ್ನು ಮಡಿಸಿ ಇಟ್ಟಳು, ಅವುಗಳ ನಡುವೆ ಪುಡಿಯ ಬಾಟಲಿ. ಅದು ಅರ್ಧಕ್ಕೆ ಬಂದಿತ್ತು.

ಬೆಳಿಗ್ಗೆ ಗಂಡಸರು ಉಪ್ಪಿಟ್ಟು ತಿನ್ನಲು ಕೂತರು. ಗಂಗು ಅಜ್ಜನ ಹತ್ತಿರ ಕೂತು ಒಂದು ತುತ್ತು ಬಾಯಿಗಿಟ್ಟು ಕೆಮ್ಮತೊಡಗಿದಳು. ಮುಖ ನೀಲಿಗಟ್ಟಿತು. ಬಸಲಿಂಗವ್ವ ಕೈಯಲ್ಲಿದ್ದ ಪಾತ್ರೆ ಬಿಟ್ಟು, ಮಗಳನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ತಟ್ಟಿದಳು. ಧಪ್ ಧಪ್ ಧಪ್. ಈ ಸಲ ಕಾಶವ್ವ ಹತ್ತಿರದಿಂದ ನೋಡಿದಳು. ಬೊಗಸೆ ಮಾಡಿದ ಅಂಗೈ, ಒಳಗೆ ಗಾಳಿ ತುಂಬಿದ ಸದ್ದು. ಪೆಟ್ಟಿನ ಸದ್ದು ಅದಲ್ಲ. ಕೊನೆಗೆ ಒಂದು ದೊಡ್ಡ ಕಫದ ಮುದ್ದೆ ಬಟ್ಟಲಿಗೆ ಬಿತ್ತು. ಗಂಗು ಉಸಿರು ಎಳೆದಳು. ಮುಖಕ್ಕೆ ಬಣ್ಣ ಬಂತು.

ಕಲ್ಲಪ್ಪನಿಗೆ ಹೀಗೆ ತಟ್ಟುವವರು ಯಾರೂ ಇರಲಿಲ್ಲ.

"ಹೋಗೂದ ಬ್ಯಾಡ," ಎಂದಳು ಕಾಶವ್ವ.

"ಏನಂದಿ?" ಈರಣ್ಣ ತಲೆಯೆತ್ತಿದ.

"ಟ್ರಂಕ ಬಿಚ್ಚಸು. ಯಾರೂ ಹೋಗೂದ ಬ್ಯಾಡ. ಈರಣ್ಣಾ, ನಿನಗಿಂತ ಮೊದಲ ನನಗೊಂದ ಗಂಡಸ ಕೂಸಿತ್ತು. ಕಲ್ಲಪ್ಪ ಅಂತ. ಉಪ್ಪಿನ ಮೈ. ಎಷ್ಟ ಉಣಿಸಿದ್ರೂ ಹಿಂಗ ಒಣಗಿದ್ದ. ದೊಡ್ಡ ಜ್ವರ ಬಂತು, ಎಲ್ಲಾರನ್ನೂ ಬಿಟ್ಟು ಹೋತು, ಅವನ ಎದಿಯಾಗ ಕೂತು ಕೊಂದಿತು."

ಸಂಗಪ್ಪ ಚಹಾದ ಲೋಟ ಕೆಳಗಿಟ್ಟ.

"ನಮಗ್ಯಾರಿಗೂ ಹೇಳಿಲ್ಲಲ್ಲ ನೀನು," ಎಂದ ಈರಣ್ಣ. "ಡಾಕ್ಟರ ಕೇಳಿದಾಗರ ಹೇಳಬೇಕಿತ್ತಿಲ್ಲೋ?"

"ಇಲ್ಲ ಅಂದೆ."

"ಯಾಕ?"

"ಒಂದ ಸಲ ನನ್ನ ಮ್ಯಾಲ ಹೊರಿಸಿದ್ರು. ಮತ್ತ ನನ್ನ ಮ್ಯಾಲ ಬರತೈತಿ ಅಂತ ಹೆದರಿದೆ. ಆಕೀ ಮ್ಯಾಲ ಇದ್ರ ಇರಲಿ ಅಂತ ಸುಮ್ನಾದೆ."

ಈರಣ್ಣ ಎದ್ದು ಕಿಟಕಿಯ ಹತ್ತಿರ ಹೋದ. ಬೈದಿದ್ದರೆ ಕಾಶವ್ವನಿಗೆ ಹಗುರಾಗುತ್ತಿತ್ತು.

ಶೆಟ್ಟೆಪ್ಪ ರುಮಾಲು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. "ನನ್ನ ಹಿರೇಮಗಳೂ ಹಿಂಗ ಹೋದಳ್ರೀ. ಟೀಬಿ ಅಂದ್ರು ಎಲ್ಲಾರೂ. ನಾವೂ ಹಂಗ ಅಂದ್ಕೊಂಡ ಮುಚ್ಚಿಟ್ವಿ. ಆಕೀ ಮೈ ಉಪ್ಪಿತ್ತೋ ಇಲ್ಲೋ, ಅಪ್ಪ ಆದಂವಗ ಏನ ಗೊತ್ತಿರತೈತಿ? ಆಕೀ ತಾಯಿ ಇದ್ದಿದ್ರ ಹೇಳತಿದ್ಳು."

ಬಸಲಿಂಗವ್ವ ಮಗಳ ಬೆನ್ನ ಮೇಲಿಂದ ಕೈ ತೆಗೆದಿರಲಿಲ್ಲ. ಅವಳು ಅತ್ತೆಗೆ ಒಂದೇ ಮಾತು ಕೇಳಿದಳು.

"ಆ ದಿನಾನ ಗೊತ್ತಾಗಿತ್ತಲ್ಲರೀ ನಿಮಗ? ಅಲ್ಲೇ ಡಾಕ್ಟರಬಾಯಿ ಮುಂದ ಇದ್ದಾಗ?"

"ಗೊತ್ತಾಗಿತ್ತು."

"ಹಂಗಿದ್ರೂ ಟ್ರಂಕ ತುಂಬೂತನಾ ನೋಡಿಕೋತ ಕೂತ್ರಿ."

ಕಾಶವ್ವ ಟ್ರಂಕಿನ ಮುಚ್ಚಳ ತೆಗೆದು ಪುಡಿಯ ಬಾಟಲಿಯನ್ನು ಹೊರಗೆ ಇಟ್ಟಳು.

ಶೆಟ್ಟೆಪ್ಪ ಒಬ್ಬನೇ ಊರಿಗೆ ಹೋದ. ಡಾಕ್ಟರ್ ವಾರಿಜಾ ಕೊಟ್ಟ ಚೀಟಿಯನ್ನು ಈರಣ್ಣ ಮಾಲಕನಿಗೆ ತೋರಿಸಿ, ಟೀಬಿ ಅಲ್ಲ ಎಂದು ಒಪ್ಪಿಸಿದ. ಚಾಳಿನವರು ಪೂರಾ ನಂಬಲಿಲ್ಲ. ಗ್ಯಾಲರಿಯಲ್ಲಿ ಸೇವಂತಿ, "ಟೀಬಿ ಅಲ್ಲದಿದ್ರೆ ಎಂತದು? ಸೊಸೆಯ ಕಡೆಯದ್ದಾ?" ಎಂದು ಕೇಳಿದಾಗ, ಕಾಶವ್ವ ಎಲ್ಲರಿಗೂ ಕೇಳುವ ಹಾಗೆ, "ನನ್ನ ಕಡೀದೂ ಐತಿ, ಆಕೀ ಕಡೀದೂ ಐತಿ. ನಿಮ್ಮ ಮಕ್ಕಳಿಗೆ ಹತ್ತೂದಿಲ್ಲ. ನಿಮ್ಮ ಮಕ್ಕಳ ನೆಗಡಿ ನಮಗ ಹತ್ತತೈತಿ, ಅದನ್ನ ನೋಡಿಕೋರಿ," ಎಂದಳು.

ಆದರೆ ಮನೆಯೊಳಗೆ ಸೊಸೆ ಅವಳನ್ನು ನಂಬುವುದನ್ನು ಬಿಟ್ಟಿದ್ದಳು.

ಗಂಗು ಇಂಜೆಕ್ಷನ್ನುಗಳ ಮೇಲೆ ಮೆಲ್ಲಗೆ ಎದ್ದಳು. ಮೊದಲಿನಷ್ಟು ಎದ್ದಳೆಂದು ಹೇಳಲಾಗದು. ಮೆಟ್ಟಿಲು ಹತ್ತುವಾಗ ನಡುವೆ ಕೂರಬೇಕಾಗುತ್ತಿತ್ತು. "ಪ್ರತಿ ನೆಗಡಿಯೂ ಒಂದಿಷ್ಟು ಕಿತ್ತುಕೊಂಡು ಹೋಗ್ತದೆ, ಹೋದದ್ದು ಪೂರ್ತಿ ತಿರುಗಿ ಬರುವುದಿಲ್ಲ," ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದಳು. ಮನೆಯಲ್ಲಿ ಯಾರು ಸೀನಿದರೂ ಕಾಶವ್ವನ ಕಣ್ಣು ಅವರ ಮೇಲೆ. ಸಂಗಪ್ಪನಿಗೆ ಮೂಗು ಸೋರಿದ ದಿನ ಅವನ ಹಾಸಿಗೆ ಗ್ಯಾಲರಿಗೆ ಬಂತು.

"ಯವ್ವಾ, ಬರೇ ನೆಗಡಿ!"

"ನಿನಗ ಬರೇ ನೆಗಡಿ. ತಾಟ ಸೈತ ಅಲ್ಲೇ ಕೊಡ್ತೀನಿ."

ಇದನ್ನೆಲ್ಲ ಬಸಲಿಂಗವ್ವ ನೋಡುತ್ತಿದ್ದಳು. ಗಂಗುವಿನ ಊಟಕ್ಕೆ ಪುಡಿ ಕಲಸಲು ಕಾಶವ್ವ ಕೈ ಚಾಚಿದರೆ, "ಇರಲಿ ಬಿಡ್ರಿ" ಎಂದು ಬಟ್ಟಲು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ಬೆನ್ನು ತಟ್ಟುವುದನ್ನು ಮಾತ್ರ ಡಾಕ್ಟರರ ಒತ್ತಾಯಕ್ಕೆ ಕಲಿಸಿಕೊಟ್ಟಳು. "ಅಂಗೈ ಬೊಗಸಿ ಮಾಡ್ರಿ. ಹಂಗಲ್ಲ. ಬೆನ್ನೆಲುಬಿನ ಮ್ಯಾಲ ಬ್ಯಾಡ, ಬಾಜೂಕ." ಅಷ್ಟೂ ಹೊತ್ತು ತಾನು ಎದುರಿಗೇ ಕೂತಿರುತ್ತಿದ್ದಳು. ಅತ್ತೆಯ ಕೈಯನ್ನು ನೋಡುವ ಆ ಕಣ್ಣು ಎಂಥದೆಂದು ಕಾಶವ್ವನಿಗೆ ಬೇರೆಯವರು ಹೇಳಬೇಕಿರಲಿಲ್ಲ.

ದೀಪಾವಳಿಯ ಮುಂಚೆ ಆಸ್ಪತ್ರೆಯಲ್ಲಿ ಪುಡಿ ಮುಗಿಯಿತು. ಫೋರ್ಟ್ ಭಾಗದ ಒಂದು ದೊಡ್ಡ ಔಷಧಿ ಅಂಗಡಿಯಲ್ಲಿ ಸಿಗಬಹುದು ಎಂದು ಡಾಕ್ಟರು ಚೀಟಿ ಬರೆದಳು. ಗಂಡಸರು ಕೆಲಸಕ್ಕೆ ಹೋಗಿದ್ದರು. ಗಂಗುವಿಗೆ ಮತ್ತೆ ಸ್ವಲ್ಪ ಮೈ ಬಿಸಿ. ಲೋಕಲ್‌ನ ಗದ್ದಲದಲ್ಲಿ ಅವಳನ್ನು ಒಯ್ಯುವ ಹಾಗಿರಲಿಲ್ಲ. ಬಸಲಿಂಗವ್ವ ಸೀರೆ ಉಟ್ಟು ನಿಂತಳು, ಕೂತಳು, ಮತ್ತೆ ನಿಂತಳು. ಕೊನೆಗೆ ಮಗಳನ್ನು ಎತ್ತಿ ತಂದು ಕಾಶವ್ವನ ತೊಡೆಯ ಮೇಲೆ ಹಾಕಿದಳು.

"ಎಡಗಡಿ ಮೊದಲ. ಆಮ್ಯಾಲ ಬಲಗಡಿ. ದಣಿದ್ರ ಬಿಡ್ರಿ, ನೀರ ಕುಡಸ್ರಿ, ಮತ್ತ ಮಾಡ್ರಿ. ಬಾಗಲಾ ಹಾಕ್ಕೋರಿ, ಯಾರನ್ನೂ ಒಳಗ ಕರಕೋಬ್ಯಾಡ್ರಿ."

"ಹೂನವ್ವಾ."

ಕಾಶವ್ವ ತಟ್ಟಿದಳು. ತೋಳು ಸೋತವು, ಬೆರಳ ಗೆಣ್ಣು ಉರಿದವು. ಗಂಗು ತಲೆ ಜೋತು ಬಿಟ್ಟುಕೊಂಡೇ ಶಾಲೆಯ ಮರಾಠಿ ಪದ್ಯ ಹೇಳಿದಳು, ಕೆಮ್ಮಿದಳು, ಉಗುಳಿದಳು, "ಆಯಿ, ಸಾಕು" ಎಂದಳು. ಸ್ವಲ್ಪ ಬಿಟ್ಟು ಕಾಶವ್ವ ಮತ್ತೆ ಹಿಡಿದಳು. ಕೆಳಗೆ ಹಳೆಯ ಸಾಮಾನು ಕೊಳ್ಳುವ ಭಂಗಾರದವನು ಕೂಗುತ್ತ ಹೋದ. ಬಾಗಿಲ ಮೇಲೆ ಬಿದ್ದಿದ್ದ ಬಿಸಿಲು ಗ್ಯಾಲರಿಗೆ ಇಳಿದು ಹೋಯಿತು.

ಮೆಟ್ಟಿಲ ಮೇಲೆ ಓಡಿ ಬರುವ ಹೆಜ್ಜೆ ಕೇಳಿತು. ಬಸಲಿಂಗವ್ವ ಬಾಗಿಲು ತಳ್ಳಿಕೊಂಡು ಬಂದಳು, ಕೈಯಲ್ಲಿ ಕಾಗದ ಸುತ್ತಿದ ಬಾಟಲಿ, ಮೈಯೆಲ್ಲ ಬೆವರು. ಚಪ್ಪಲಿ ಬಿಡಲಿಲ್ಲ, ಮಾತಾಡಲಿಲ್ಲ. ನೇರ ಬಂದು ಮೊಣಕಾಲೂರಿ ಮಗಳ ಬೆನ್ನಿಗೆ ಕಿವಿ ಹಚ್ಚಿದಳು. ಎಡಗಡೆ ಕೇಳಿದಳು. ಬಲಗಡೆ ಕೇಳಿದಳು. ಬಟ್ಟಲಿನ ಬಟ್ಟೆ ಎತ್ತಿ ಕಫ ನೋಡಿದಳು.

"ಬಲಗಡಿ ತಳಕ ಇನ್ನೂ ಗುರುಗುಟ್ಟತೈತಿ," ಎಂದಳು ಬಸಲಿಂಗವ್ವ, ಎದ್ದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ನಾ ಒಂಚೂರು ಮಲಕೋತೀನಿ. ಅಷ್ಟೊತ್ತನಾ ನೀವ ಮಾಡ್ರಿ, ಅತ್ತಿ."